ಹಿಂದಿನ ವ್ಯಾನಿನಲ್ಲಿ ಮಲಗುವವನು

ನಿಂತ ಗಾಡಿಯನ್ನು ಕಂಡರೆ ಪೋವಿಲಾಸನಿಗೆ ಆಗುತ್ತಿರಲಿಲ್ಲ. ಮನೆಯಲ್ಲಿ ಎರಡು ದಿನ ಇದ್ದನೆಂದರೆ ಮೂರನೆಯ ದಿನ ಅಂಗಳಕ್ಕೆ ಹೋಗಿ ಟ್ರೇಲರಿನ ಚಕ್ರಗಳಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಒದ್ದು ನೋಡುತ್ತಿದ್ದ. ಗಾಳಿ ಇದ್ದೇ ಇರುತ್ತಿತ್ತು. ಹೆಂಡತಿ ದನೂತೆ ಅಡುಗೆಮನೆಯ ಕಿಟಕಿಯಿಂದ, "ಹೊರಡಪ್ಪ ಹೊರಡು, ಅಂಗಳ ಸವೆದುಹೋಗತ್ತೆ" ಎನ್ನುತ್ತಿದ್ದಳು. ಹಾಲೆಂಡಿನಲ್ಲೋ ಜರ್ಮನಿಯಲ್ಲೋ ಹಳೆಯ ವ್ಯಾನೊಂದನ್ನು ಕೊಳ್ಳುವುದು, ಅದನ್ನು ಟ್ರೇಲರಿನ ಮೇಲೆ ಹತ್ತಿಸಿ ಪಟ್ಟಿ ಬಿಗಿಯುವುದು, ಪಿಕಪ್ಪಿಗೆ ಕಟ್ಟಿಕೊಂಡು ಪೋಲೆಂಡನ್ನು ಈ ತುದಿಯಿಂದ ಆ ತುದಿಗೆ ದಾಟಿ ಲಿಥುವೇನಿಯಾಕ್ಕೆ, ತನ್ನೂರಾದ ಮಾರಿಯಾಂಪೊಲೆಯ ಭಾನುವಾರದ ಕಾರು ಸಂತೆಗೆ ತಂದು ನಿಲ್ಲಿಸುವುದು ಅವನ ಕಸುಬು. ಮಾರಾಟ ಮುಗಿದ ಸಂಜೆಯೇ ಅವನ ಕಾಲು ಮತ್ತೆ ಪಶ್ಚಿಮಕ್ಕೆ ತಿರುಗಿರುತ್ತಿತ್ತು.

ಇದು ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬ ಓಡಿಸಬೇಕು, ಒಬ್ಬ ಮಲಗಬೇಕು, ಗಾಡಿ ಮಾತ್ರ ನಿಲ್ಲಬಾರದು. ಪೋವಿಲಾಸನ ಜೊತೆಗಾರ ಅವನ ಹೆಂಡತಿಯ ಅಣ್ಣ ಜಿಗ್ಮಾಸ್. ದೊಡ್ಡ ಮೈಯ, ನಿಧಾನದ ಮನುಷ್ಯ. ಮಾತು ಕಡಿಮೆ, ಮುನಿಸಿಕೊಂಡರೆ ಅದೂ ಇಲ್ಲ. ಅವನಿಗಿಂತ ಮುಂಚೆ ಪೋವಿಲಾಸ್ ಬೇರೆಯವರನ್ನೂ ನೋಡಿದ್ದ. ಒಬ್ಬ ದಾರಿಯುದ್ದಕ್ಕೂ ಹಾಡುತ್ತಿದ್ದ, ಒಬ್ಬ ಕುಡಿಯುತ್ತಿದ್ದ, ಇನ್ನೊಬ್ಬ ಲಾರಿ ಎದುರಾದಾಗಲೆಲ್ಲ ಸ್ಟಿಯರಿಂಗ್ ಬಿಟ್ಟು ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದ. ಕೊನೆಗೆ ನಿಂತವನು ಜಿಗ್ಮಾಸ್ ಒಬ್ಬನೇ.

ತನ್ನ ಸರದಿ ಮುಗಿದ ಮೇಲೆ ಜಿಗ್ಮಾಸ್ ಮಲಗುತ್ತಿದ್ದುದು ಟ್ರೇಲರಿನ ಮೇಲೆ ಬಿಗಿದು ಕಟ್ಟಿದ ವ್ಯಾನಿನ ಹೊಟ್ಟೆಯಲ್ಲಿ, ಹಳೆಯ ಹಾಸಿಗೆಯೊಂದನ್ನು ಹಾಸಿಕೊಂಡು. ಪೊಲೀಸರ ಕಣ್ಣಿಗೆ ಬಿದ್ದರೆ ದಂಡ. ಆದರೆ ಬಿದ್ದರೆ ತಾನೇ ಎಂದುಕೊಂಡು ಸಂತೆಯ ಎಷ್ಟೋ ಜನ ಹಾಗೆಯೇ ಬರುತ್ತಿದ್ದರು. ಪೋವಿಲಾಸ್ ಮಾತ್ರ ಎಂದೂ ಅಲ್ಲಿ ಮಲಗಿದವನಲ್ಲ. ಇನ್ನೊಬ್ಬ ಓಡಿಸುವಾಗ ಕಣ್ಣೆದುರು ರಸ್ತೆ ಇಲ್ಲದಿದ್ದರೆ ಅವನಿಗೆ ಜೀವ ಹಿಡಿಯದು. ಪಕ್ಕದ ಸೀಟಿನಲ್ಲೇ ಕತ್ತು ಓಲಾಡಿಸಿಕೊಂಡು ತೂಕಡಿಸುತ್ತಿದ್ದ.

ಮೊದಲ ಪ್ರಯಾಣದಲ್ಲೇ ಜಿಗ್ಮಾಸ್ ಒಂದು ಕಟ್ಟಳೆ ಮಾಡಿದ್ದ. ಎಲ್ಲೇ ನಿಂತಿರಲಿ, ಹೊರಡುವ ಮುಂಚೆ ಓಡಿಸುವವನು ಹಿಂದಿನ ವ್ಯಾನಿನ ಪಕ್ಕೆಗೆ ಅಂಗೈಯಿಂದ ಎರಡು ಸಲ ಬಡಿಯಬೇಕು. ಒಳಗಿನವನು ಒಂದು ಸಲ ಬಡಿದು ಉತ್ತರ ಕೊಡಬೇಕು. ಉತ್ತರ ಬಾರದೆ ಚಕ್ರ ಉರುಳಬಾರದು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ವಾಕಿಟಾಕಿ ಬಂದಮೇಲೂ ಈ ಬಡಿತ ತಪ್ಪಿರಲಿಲ್ಲ.

ಅದು ತಪ್ಪಿದ್ದು ಈ ಸಲ.

ಡಿಸೆಂಬರ್ ತಿಂಗಳು, ಶನಿವಾರ ಬೆಳಿಗ್ಗೆ. ರಾತ್ರಿಯೆಲ್ಲ ಜರ್ಮನಿಯಲ್ಲಿ ಓಡಿಸಿದ್ದವನು ಜಿಗ್ಮಾಸ್. ಪೋಲೆಂಡಿನ ಗಡಿ ದಾಟಿದ ಮೇಲೆ ರಸ್ತೆಬದಿಯಲ್ಲಿ ನಿಲ್ಲಿಸಿ, ಪಿಕಪ್ಪಿನೊಳಗೇ ಕೂತು ಇಬ್ಬರೂ ನಾಷ್ಟಾ ಮಾಡುತ್ತಿದ್ದರು. ದನೂತೆ ಕಟ್ಟಿಕೊಟ್ಟ ಕಪ್ಪು ರೊಟ್ಟಿ, ಹೊಗೆಗೆ ಹಿಡಿದ ಹಂದಿಕೊಬ್ಬು, ಉಪ್ಪುನೀರಿನ ಸೌತೆಕಾಯಿ. ಹಿಂದೆ ಟ್ರೇಲರಿನ ಮೇಲೆ ಹಾಲೆಂಡಿನ ಕೊಳಾಯಿ ರಿಪೇರಿಯವನೊಬ್ಬನಿಂದ ಕೊಂಡ ನೀಲಿ ವ್ಯಾನು. ಅದರ ಪಕ್ಕೆಯ ಮೇಲೆ ತೊಟ್ಟಿಕ್ಕುತ್ತಿರುವ ದೊಡ್ಡ ಹಳದಿ ನಲ್ಲಿಯ ಚಿತ್ರ ಇನ್ನೂ ಹಾಗೇ ಇತ್ತು.

"ಇದೇ ಕೊನೇದು" ಎಂದ ಜಿಗ್ಮಾಸ್.

"ಯಾವುದು, ಸೌತೆಕಾಯಾ? ಡಬ್ಬಿಯಲ್ಲಿ ಇನ್ನೂ ಇದೆ ನೋಡು."

"ಟ್ರಿಪ್ಪು. ಸೋಮವಾರದಿಂದ ನಮ್ಮೂರ ಶಾಲೆ ಬೆಚ್ಚಗಿಡೋ ಬಾಯ್ಲರ್ ನೋಡ್ಕೊಳ್ಳೋ ಕೆಲಸ. ಹೆಡ್‌ಮಾಸ್ಟರ್ ಹತ್ರ ಮಾತಾಗಿದೆ."

ಪೋವಿಲಾಸ್ ಅಗಿಯುವುದನ್ನು ನಿಲ್ಲಿಸಿದ. "ಬಾಯ್ಲರ್ ಮುಂದೆ ಏನು ಮಾಡ್ತೀಯ ಭಾವ?"

"ಕೂತ್ಕೊತೀನಿ."

"ಅದೇ ಕೇಳಿದ್ದು. ಕೂತ್ಕೊಂಡು ಏನು ಮಾಡ್ತೀಯ?"

"ಕೂತ್ಕೊಳ್ಳೋದೇ ಕೆಲಸ ಕಣೋ. ಬೆಂಕಿ ಕಮ್ಮಿ ಆದ್ರೆ ಎದ್ದು ಸೌದೆ ಹಾಕೋದು, ಮತ್ತೆ ಕೂತ್ಕೊಳ್ಳೋದು." ಜಿಗ್ಮಾಸ್ ಚಾಕುವನ್ನು ಪ್ಯಾಂಟಿಗೆ ಒರೆಸಿಕೊಂಡ. "ಸುಸ್ತಾಗಿದೆ ಮಾರಾಯ. ನನ್ನ ಕೈಲಿ ಆಗಲ್ಲ."

"ಸುಸ್ತಾ? ನಿಂಗಾ?" ಪೋವಿಲಾಸನಿಗೆ ಒಳಗಿನ ಹೆದರಿಕೆ ಮೇಲೆ ಬಂದಾಗ ಅದು ವ್ಯಂಗ್ಯವಾಗಿಯೇ ಬರುತ್ತಿತ್ತು. "ಹಗಲೆಲ್ಲ ನಾನು ಕಣ್ಣಲ್ಲಿ ಕಣ್ಣಿಟ್ಟು ಓಡಿಸ್ತೀನಿ. ನೀನು ಮಹಾರಾಜನ ಹಾಗೆ ಕಾಲು ಚಾಚಿ ಮಲಗಿ ದೇಶ ದಾಟ್ತೀಯ. ಬರ್ಲಿನ್ನಲ್ಲಿ ಕಣ್ಣು ಮುಚ್ಚಿದ್ರೆ ವಾರ್ಸಾದಲ್ಲಿ ಬಿಡ್ತೀಯ. ಸುಸ್ತಾಗಿದ್ರೆ ಆ ಹಾಸಿಗೆಗೆ ಆಗಿರಬೇಕು."

ಜಿಗ್ಮಾಸ್ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟ. "ಅಳಿಯಂದ್ರು ಹೇಳಿದ ಮೇಲೆ ಮುಗೀತು" ಎಂದು ಇಳಿದು ಹಿಂದಿನ ವ್ಯಾನಿಗೆ ಹತ್ತಿದ. ಅವರ ಮನೆಯ ಅಳಿಯನಾದ ಪೋವಿಲಾಸನನ್ನು ಅವನು 'ಅಳಿಯಂದ್ರು' ಎಂದು ಬಹುವಚನದಲ್ಲಿ ಕರೆಯುತ್ತಿದ್ದುದು ನಿಜವಾಗಿ ನೊಂದಾಗ ಮಾತ್ರ.

ಆ ಸಲ ಪೋವಿಲಾಸ್ ಬಡಿದ. ಒಳಗಿಂದ ಒಂದು ಬಡಿತ ಬಂತು, ತೀರಾ ಮೆಲ್ಲಗೆ. ಗಾಡಿ ಹೊರಟಿತು.

ಮಧ್ಯಾಹ್ನಕ್ಕೆ ಇನ್ನೂ ಸಾಕಷ್ಟು ಹೊತ್ತಿರುವಾಗ ಅವನು ಮತ್ತೊಮ್ಮೆ ನಿಲ್ಲಿಸಿದ. ವ್ಯಾನಿನ ಚಕ್ರಗಳಿಗೆ ಬಿಗಿದ ಪಟ್ಟಿಗಳು ದಾರಿಯಲ್ಲಿ ಸಡಿಲವಾಗುತ್ತವೆ, ಆಗಾಗ ಇಳಿದು ಬಿಗಿಯಲೇಬೇಕು. ಹೆದ್ದಾರಿ ಬದಿಯ ಆ ನಿಲ್ದಾಣದಲ್ಲಿ ಒಂದು ಶೌಚಾಲಯ, ಎರಡು ಕಲ್ಲುಬೆಂಚು ಬಿಟ್ಟರೆ ಏನೂ ಇರಲಿಲ್ಲ. ಹಿಂದಿನ ದಿನ ಬಿದ್ದ ಹಿಮ ಗಟ್ಟಿಯಾಗಿ ಮೊಣಕಾಲೆತ್ತರ ನಿಂತಿತ್ತು. ಮೂಗಿನ ಒಳಗಿನ ಕೂದಲೂ ಮುಳ್ಳಾಗುವಂಥ ಚಳಿ. ಪೋವಿಲಾಸ್ ರಸ್ತೆಯ ಕಡೆಯ ಪಟ್ಟಿಗಳನ್ನು ಎಳೆದ. ಎಳೆಯುವಾಗಲೂ ಬಾಯ್ಲರೇ ತಲೆಯಲ್ಲಿ ತಿರುಗುತ್ತಿತ್ತು. ಈ ಭಾವ ಹೋದರೆ ತನ್ನ ಜೊತೆ ಬರುವವರು ಯಾರೂ ಇಲ್ಲ. ಯಾರೂ ಬರದಿದ್ದರೆ ಟ್ರೇಲರ್ ಅಂಗಳದಲ್ಲಿ ಹುಲ್ಲು ಬೆಳೆಸಿಕೊಂಡು ನಿಲ್ಲುತ್ತದೆ. ತಾನು ಅದರ ಪಕ್ಕ ನಿಂತು ಚಕ್ರ ಒದೆಯುತ್ತಿರಬೇಕಾಗುತ್ತದೆ. ಕೊನೆಯ ಪಟ್ಟಿಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಬಿಗಿದ. ಕೈಯನ್ನು ಬಡಿಯಲೆಂದು ನಲ್ಲಿಯ ಚಿತ್ರದವರೆಗೂ ಎತ್ತಿದವನು, 'ಮಲಗಿರಲಿ ಮಹಾರಾಜ' ಎಂದು ಇಳಿಸಿ, ಹೋಗಿ ಗಾಡಿ ಹೊರಡಿಸಿದ.

ಹೆದ್ದಾರಿಗೆ ಸೇರಿದ ಮೇಲೆ ವಾಕಿಟಾಕಿ ಕೈಗೆತ್ತಿಕೊಂಡ.

"ಭಾವ, ನಿದ್ದೆ ಬಂತಾ?"

ಎಂದಿನ "ಹ್ಞೂಂ" ಬರಲಿಲ್ಲ.

"ಮುನಿಸ್ಕೊಂಡ್ಯಾ? ಮುನಿಸ್ಕೋ. ಬಾಯ್ಲರ್ ಜೊತೆ ಹೇಗೂ ಮಾತಾಡೋದಿರಲ್ಲ, ಈಗ್ಲೇ ಅಭ್ಯಾಸ ಆಗ್ಲಿ."

ಉತ್ತರವಿಲ್ಲ. ಇದು ಹೊಸದಲ್ಲ. ಹಿಂದೊಮ್ಮೆ ಫ್ರಾನ್ಸಿನ ಗಡಿಯಿಂದ ಮನೆಯವರೆಗೂ ಜಿಗ್ಮಾಸ್ ತುಟಿ ಬಿಚ್ಚಿರಲಿಲ್ಲ. ಪೋವಿಲಾಸನಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಒಂದು ಸೇತುವೆಯಿಂದ ಇನ್ನೊಂದು ಸೇತುವೆಯವರೆಗೆ ತಾಳಿಕೊಳ್ಳುವುದು, ಮತ್ತೆ ಗುಂಡಿ ಒತ್ತುವುದು.

"ಹೆಡ್‌ಮಾಸ್ಟರ್ ಏನು ನಿನ್ನ ನೆಂಟನಾ? ಮಕ್ಕಳು ಬಂದು ಕಿಟಕಿಗೆ ಹಿಮದುಂಡೆ ಹೊಡೀತಾರೆ, ಬೆಳಗ್ಗೆ ಎದ್ದು ಬೂದಿ ತೋಡ್ಬೇಕು. ಇಲ್ಲಿ ಏನು ಕಮ್ಮಿ ಆಗಿತ್ತು ನಿಂಗೆ?"

ಸ್ವಲ್ಪ ಹೊತ್ತಿನ ಮೇಲೆ, ಸ್ವರ ಇಳಿಸಿ:

"ಸರಿ, ಬೆಳಿಗ್ಗೆ ಹಾಗೆ ಅನ್ನಬಾರದಿತ್ತು. ಆಯ್ತಾ?"

ಗಾಜು ಒರೆಸುವ ಕಡ್ಡಿಗಳು ಕಿರುಗುಟ್ಟುತ್ತಿದ್ದವು. ಕನ್ನಡಿಯಲ್ಲಿ ನೀಲಿ ವ್ಯಾನು ತಲೆದೂಗುತ್ತ ಹಿಂದೆಯೇ ಬರುತ್ತಿತ್ತು. ಆ ತಲೆದೂಗು ತಾನು ಹೇಳುತ್ತಿರುವುದಕ್ಕೆಲ್ಲ ಒಪ್ಪಿಗೆಯಂತೆ ಕಂಡಿತೋ ಏನೋ, ಎದುರಿಗಿದ್ದರೆ ಎಂದೂ ಆಡದ ಮಾತೊಂದು ಪೋವಿಲಾಸನ ಬಾಯಿಂದ ಬಂದುಬಿಟ್ಟಿತು.

"ನೀನಿಲ್ಲದಿದ್ರೆ ನನಗೆ ರಸ್ತೆಯೇ ಇಲ್ಲ ಭಾವ. ಮನೇಲಿ ಕೂತ್ರೆ ನಾನು ಹುಚ್ಚನಾಗ್ತೀನಿ. ದನೂತೆಗೆ ಗೊತ್ತು, ನಿಂಗೂ ಗೊತ್ತು. ಅದಕ್ಕೇ ಹಾಗೆ ಮಾತಾಡಿದ್ದು."

ಇಷ್ಟಕ್ಕೂ ಉತ್ತರ ಬಾರದಾಗ ಅವನಿಗೆ ಸಿಟ್ಟೂ ಬಂತು, ಅವಮಾನವೂ ಆಯಿತು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಇಳಿದು ಹೋಗಿ, ನಲ್ಲಿಯ ಚಿತ್ರಕ್ಕೆ ಎರಡಲ್ಲ, ನಾಲ್ಕು ಸಲ ಬಡಿದ. ಕಾದ. ಪಕ್ಕದ ಬಾಗಿಲು ಸರಿಸಿದ.

ಹಾಸಿಗೆ ಖಾಲಿ. ಕಂಬಳಿ ಒಂದು ಬದಿಗೆ ಸರಿದಿತ್ತು. ಅದರ ಮೇಲೆ ವಾಕಿಟಾಕಿ, ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಮೊಳೆಗೆ ನೇತುಹಾಕಿದ ಜಾಕೆಟ್, ಅದರ ಜೇಬಿನಲ್ಲಿ ಫೋನು, ರಕ್ತದೊತ್ತಡದ ಮಾತ್ರೆ. ಬೂಟುಗಳು ಜೋಡಿಯಾಗಿ ಮೂಲೆಯಲ್ಲಿದ್ದವು.

ಪೋವಿಲಾಸನಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ತಾನು ರಸ್ತೆಯ ಕಡೆ ಪಟ್ಟಿ ಎಳೆಯುತ್ತಿದ್ದಾಗ ಭಾವ ಆ ಕಡೆಯಿಂದ ಇಳಿದು ಶೌಚಾಲಯಕ್ಕೆ ಹೋಗಿದ್ದಾನೆ. ಬೆಚ್ಚಗಿರಲಿ ಎಂದು ಬಾಗಿಲನ್ನೂ ಎಳೆದು ಹೋಗಿದ್ದಾನೆ. ಅಂಗಿ, ಪ್ಯಾಂಟು, ಮನೆಯ ಚಪ್ಪಲಿ. ಈ ಚಳಿಯಲ್ಲಿ. ಎರಡು ಸಲ ಬಡಿದಿದ್ದರೆ ಸಾಕಿತ್ತು.

ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಹೋದರೆ ತಡ. ಹೊರೆ ಇದ್ದರೆ ಆ ಗಾಡಿ ಜೋರಾಗಿ ಓಡುವುದೇ ಇಲ್ಲ. ಪೋವಿಲಾಸ್ ಟ್ರೇಲರಿನ ಮೂತಿಯನ್ನು ಆನಿಸಿ ನಿಲ್ಲಿಸುವ ಪುಟ್ಟ ಚಕ್ರ ಇಳಿಸಿದ, ದೀಪದ ತಂತಿ ಕಿತ್ತ, ಕೊಂಡಿ ಎತ್ತಿದ. ಇಂಧನದ ಮುಚ್ಚಳಕ್ಕೂ ಎರಡೆರಡು ಸಲ ಬೀಗ ನೋಡುವವನು, ಊಟಕ್ಕೆ ಕೂತರೂ ಕಿಟಕಿಯಿಂದ ಟ್ರೇಲರ್ ಕಾಣುವ ಮೇಜನ್ನೇ ಹುಡುಕುವವನು, ಆ ಹೊತ್ತು ಸರಕನ್ನೆಲ್ಲ ಬಂಕಿನ ಮೂಲೆಯಲ್ಲಿ ಹಾಗೇ ಬಿಟ್ಟು ಬರಿಗಾಡಿಯಲ್ಲಿ ಹೊರಟ.

ಸೇತುವೆ ಹತ್ತಿ ತಿರುಗಿ ಎದುರು ರಸ್ತೆಗೆ ಬಿದ್ದ. ಫೋನು ತೆಗೆದ. ಪೊಲೀಸರಿಗೆ ಮಾಡಿದರೆ ಏನೆಂದು ಹೇಳುವುದು, ಟ್ರೇಲರಿನ ಮೇಲೆ ಮನುಷ್ಯನನ್ನು ಮಲಗಿಸಿಕೊಂಡು ಬರುತ್ತಿದ್ದೆ ಎಂದೇ? ಹೇಳುವುದು. ನಿಲ್ದಾಣದಲ್ಲಿ ಇಲ್ಲದಿದ್ದರೆ ಹೇಳಿಬಿಡುವುದು ಎಂದು ನಿಶ್ಚಯಿಸಿಕೊಳ್ಳುತ್ತಿರುವಾಗಲೇ ಫೋನು ತಾನಾಗಿ ಹೊಡೆದುಕೊಂಡಿತು. ದನೂತೆ.

"ಎಲ್ಲಿದೀರ?"

"ಪೋಲೆಂಡು."

"ಪೋಲೆಂಡು ಅಂತ ಗೊತ್ತು, ಚಂದ್ರಲೋಕ ಅಂದ್ಕೊಂಡ್ನಾ. ಅಣ್ಣ ಏನ್ಮಾಡ್ತಿದಾನೆ?"

"ಮಲಗಿದಾನೆ."

"ಹೇಳಿದ್ನಾ ನಿಂಗೆ, ಶಾಲೆ ಕೆಲಸದ್ದು?"

"ಹೇಳ್ದ."

"ಜಗಳ ಮಾಡಿದ್ಯಾ?"

"ಇಲ್ಲ."

"ಮಾಡಿದೀಯ. ದನಿಯಲ್ಲೇ ಗೊತ್ತಾಗತ್ತೆ. ನೋಡು, ಅವನು ಮೂರು ವಾರದಿಂದ ನಿಂಗೆ ಹೇಗೆ ಹೇಳೋದು ಅಂತ ನನ್ನ ಅಡುಗೆಮನೇಲಿ ಬಂದು ಕೂರ್ತಿದ್ದ. ಪಾಪದವನು. ಅವನ ಮಾತ್ರೆ ನೆನಪು ಮಾಡು."

"ಮಾಡ್ತೀನಿ" ಎಂದು ಪೋವಿಲಾಸ್ ಫೋನು ಇಟ್ಟ. ಮಾತ್ರೆ ಅವನ ಪಕ್ಕದ ಸೀಟಿನ ಮೇಲೆ, ಜಾಕೆಟ್ಟಿನ ಮೇಲೆ ಇತ್ತು. ಇವೆರಡನ್ನು ತಂದವನು ಮೂಲೆಯ ಬೂಟನ್ನೂ, ಮಾತ್ರೆಗಾಗಿ ಜೇಬಿನಿಂದ ತೆಗೆದು ಹಾಸಿಗೆಯ ಮೇಲಿಟ್ಟ ಜಿಗ್ಮಾಸನ ಫೋನನ್ನೂ ಅಲ್ಲೇ ಬಿಟ್ಟು ಬಂದದ್ದು ಈಗ ನೆನಪಾಯಿತು.

ಬಂಕಿನ ಕಡೆ ಹೋಗುವ ರಸ್ತೆಯಲ್ಲಿ ಹಿಮ ಗೋರುವ ದೊಡ್ಡ ಲಾರಿಯೊಂದು ಕಿತ್ತಳೆ ದೀಪ ತಿರುಗಿಸುತ್ತ, ತನ್ನ ಹಿಂದೆ ಕಾರುಗಳ ಮೆರವಣಿಗೆ ಕಟ್ಟಿಕೊಂಡು, ಯಾವ ಅವಸರವೂ ಇಲ್ಲದೆ ಹೋಗುತ್ತಿತ್ತು. ವಾಪಸು ಬರುವಾಗ ಇದರ ಹಿಂದೆ ಸಿಕ್ಕಿಹಾಕಿಕೊಳ್ಳಬೇಕಲ್ಲ ಎಂದು ಪೋವಿಲಾಸ್ ಅದಕ್ಕೊಂದು ಬೈಗುಳ ಬೈದ.

ನಿಲ್ದಾಣ ಆ ಬದಿಯ ರಸ್ತೆಯದ್ದು. ಈ ಬದಿಯಿಂದ ಕಾಣುತ್ತದೆ, ಹೋಗುವಂತಿಲ್ಲ. ಬೇಲಿಯ ಆಚೆ ಶೌಚಾಲಯ ಕಂಡಿತು, ಬೆಂಚು ಕಂಡಿತು, ಮನುಷ್ಯ ಕಾಣಲಿಲ್ಲ. ಮುಂದಿನ ಸೇತುವೆ ಸಿಗುವವರೆಗೂ ಸುಮ್ಮನೆ ದೂರ ಹೋಗುತ್ತಲೇ ಇರಬೇಕು. ಓಡುವ ಗಾಡಿಯಲ್ಲಿ ಕೂತು ಪೋವಿಲಾಸನಿಗೆ ಇಷ್ಟು ಸಂಕಟವಾದದ್ದು ಅದೇ ಮೊದಲು. ಸ್ಟಿಯರಿಂಗನ್ನು ಹಿಡಿದವನು ಅದನ್ನು ಮುಂದಕ್ಕೆ ತಳ್ಳುತ್ತಿದ್ದ, ಹಾಗೆ ತಳ್ಳಿದರೆ ಸೇತುವೆ ಬೇಗ ಬರುತ್ತದೆ ಎನ್ನುವ ಹಾಗೆ.

ಅಂತೂ ತಿರುಗಿ ಬಂದು ನಿಲ್ಲಿಸಿ ಓಡಿದ. ಶೌಚಾಲಯದಲ್ಲಿ ಯಾರೂ ಇಲ್ಲ. ಕೈ ಒಣಗಿಸುವ ಯಂತ್ರದ ಕೆಳಗೆ ನೆಲ ಒದ್ದೆಯಾಗಿತ್ತು. ಹೊರಗೆ ಹಿಮದ ಮೇಲೆ ಚಪ್ಪಲಿಯ ಅಗಲವಾದ ಹೆಜ್ಜೆಗಳು ರಸ್ತೆಯಂಚಿನವರೆಗೆ ಹೋಗಿ, ಅಲ್ಲೇ ಹಿಂದೆ ಮುಂದೆ ತುಳಿದಾಡಿ, ಮತ್ತೆ ಶೌಚಾಲಯಕ್ಕೆ ಬಂದಿದ್ದವು. ಹಾಗೆ ಎಷ್ಟೋ ಸಲ. ಪೋವಿಲಾಸ್ ಆ ತುಳಿದ ಜಾಗದಲ್ಲಿ ಬಗ್ಗಿ ನೋಡಿದ. ಪ್ರತಿ ಗಾಡಿ ಬಂದಾಗಲೂ ತಾನೇ ವಾಪಸು ಬಂದೆನೆಂದು ಭಾವ ಓಡಿ ಬಂದು ನೋಡಿದ್ದಾನೆ.

"ಭಾವ" ಎಂದು ಕೂಗಿದ. ಬೇಲಿಯ ಆಚೆಯ ಪೈನ್ ಮರಗಳಿಂದ ಒಂದಿಷ್ಟು ಹಿಮ ಉದುರಿತು, ಅಷ್ಟೆ. ಬೇಲಿಯುದ್ದಕ್ಕೂ ನಡೆದು ನೋಡಿದ. ಬೆಂಚಿನ ಹಿಂದೆ, ಕಸದ ಡಬ್ಬಿಯ ಹಿಂದೆ ನೋಡಿದ. ಇನ್ನು ಪೊಲೀಸರೇ ಎಂದು ಫೋನು ತೆಗೆದಾಗ ಅದು ಕೈಯಲ್ಲೇ ನಡುಗಿತು. ಪರದೆಯ ಮೇಲೆ ಜಿಗ್ಮಾಸ್ ಎಂದು ಬಂತು. ಹಾಸಿಗೆಯ ಮೇಲೆ ಬಿಟ್ಟು ಬಂದ ಫೋನದು. ಯಾರೋ ಕಳ್ಳ ವ್ಯಾನಿಗೆ ಹತ್ತಿದ್ದಾನೆ ಎಂದುಕೊಂಡ.

"ಯಾರು?"

"ಯಾರು ಅಂದ್ರೆ? ನಾನು."

"ಭಾವ... ಎಲ್ಲಿದೀಯ?"

"ಎಲ್ಲಿರ್ತೀನಿ, ಹಿಂದಿನ ವ್ಯಾನಲ್ಲೇ ಮಲಗಿದೀನಿ. ಗಾಡಿ ಅಲ್ಲಾಡ್ತಾನೇ ಇಲ್ವಲ್ಲ ಅಂತ ಇಣುಕಿ ನೋಡ್ದೆ. ಮುಂದೆ ಪಿಕಪ್ಪೇ ಇಲ್ಲ. ನೀನೆಲ್ಲಿದೀಯ?"

ಪೋವಿಲಾಸ್ ಕಲ್ಲುಬೆಂಚಿನ ಹಿಮದ ಮೇಲೆ ಹಾಗೇ ಕೂತ. ಒಂದು ಕ್ಷಣ ತನ್ನ ತಲೆಯೇ ಕೆಟ್ಟಿದೆ ಎನ್ನಿಸಿತು. ಖಾಲಿ ಹಾಸಿಗೆಯನ್ನು ತಾನೇ ನೋಡಿದ್ದು ಸುಳ್ಳೇ? ಆ ಕಡೆಯಿಂದ ಜಿಗ್ಮಾಸ್ ನಗುತ್ತಿರುವುದು ಕೇಳಿಸಿತು. ಹಲ್ಲು ಕಟಕಟ ಎನ್ನುತ್ತ ನಗುವ ನಗು.

"ಹಿಮದ ಲಾರಿಯವನು ಉಚ್ಚೆಗೆ ಬಂದವನು ಕರ್ಕೊಂಡು ಬಂದ ಮಾರಾಯ. ಒಳಗೆ ಬಂದು ನೋಡ್ತಾನೆ, ನಾನು ಕೈ ಒಣಗಿಸೋ ಮಿಷನ್ ಕೆಳಗೆ ತಲೆ ಕೊಟ್ಟು ನಿಂತಿದೀನಿ. ಬಿಸಿಗಾಳಿ ಹತ್ತು ಎಣಿಸೋದ್ರಲ್ಲಿ ನಿಲ್ಲತ್ತೆ, ಮತ್ತೆ ಗುಂಡಿ ಒತ್ತೋದು, ಮತ್ತೆ ನಿಲ್ಲತ್ತೆ. ಏನಪ್ಪ ಸ್ನಾನ ಆಯ್ತಾ ಅಂತ ಕೇಳ್ದ. ಅವನ ಸರಹದ್ದು ಈ ಬಂಕಿನವರೆಗೆ. ಇಳಿದ್ರೆ ನಲ್ಲಿ ವ್ಯಾನು ಒಂಟಿಯಾಗಿ ನಿಂತಿದೆ. ಬೀಗವೂ ಇಲ್ಲ." ನಗು ಬಿಟ್ಟು, "ನೀನು ಬೀಗ ಹಾಕದೆ ಹೋಗಿದೀಯ" ಎಂದ.

"ಬರ್ತೀನಿ" ಎಂದು ಪೋವಿಲಾಸ್ ಪಿಕಪ್ಪಿನ ಕಡೆ ಓಡಿದ.

ಬಂಕಿಗೆ ಬಂದವನು ಪಿಕಪ್ಪನ್ನು ಓರೆಯಾಗಿಯೇ ನಿಲ್ಲಿಸಿ ಇಳಿದ. ವ್ಯಾನಿನ ಬಾಗಿಲು ಮುಚ್ಚಿತ್ತು. ತೆರೆಯಲು ಕೈ ಬರಲಿಲ್ಲ. ನಲ್ಲಿಯ ಚಿತ್ರಕ್ಕೆ ಅಂಗೈಯಿಂದ ಎರಡು ಸಲ ಬಡಿದ. ಒಳಗಿಂದ ಒಂದು ಬಡಿತ ಬಂತು. ಆಮೇಲೆ ಬಾಗಿಲು ಸರಿದು, ಎರಡು ಕಂಬಳಿ ಹೊದ್ದ ಜಿಗ್ಮಾಸನ ಕೆಂಪು ಮುಖ ಕಾಣಿಸಿತು. ಕಿವಿಗಳು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದವು.

"ಮಾತ್ರೆ ತಗೋ" ಎಂದ ಪೋವಿಲಾಸ್. "ನಿನ್ನ ತಂಗಿ ನೆನಪು ಮಾಡೂ ಅಂದಿದಾಳೆ."

"ಅವಳಿಗೆ ಹೇಳಿದ್ಯಾ?"

"ನೀನು ಮಲಗಿದೀಯ ಅಂದೆ."

"ಸದ್ಯ, ಬದುಕ್ಕೊಂಡೆ ನೀನು." ಜಿಗ್ಮಾಸ್ ಮಾತ್ರೆ ನುಂಗಿ, ಪೋವಿಲಾಸನ ಕೈ ನೋಡಿದ. ಮಾತ್ರೆಯ ಡಬ್ಬಿಯ ಮುಚ್ಚಳ ಹಾಕಲು ಅದು ಹೆಣಗುತ್ತಿತ್ತು. "ಕೀ ಕೊಡು. ನಾನು ಓಡಿಸ್ತೀನಿ. ಈ ಕೈಯಲ್ಲಿ ನೀನು ಓಡಿಸಿದ್ರೆ ಇಬ್ಬರೂ ಪೈನ್ ಮರದಲ್ಲಿರ್ತೀವಿ. ಹೋಗಿ ಹಿಂದೆ ಮಲಗು."

"ನಾನು ಪಕ್ಕದಲ್ಲೇ..."

"ಪಕ್ಕದಲ್ಲಿ ಕೂತ್ರೆ ವಾರ್ಸಾವರೆಗೂ ಕ್ಷಮೆ ಕೇಳ್ತೀಯ, ಇಲ್ಲಾ ಬಾಯ್ಲರಿಗೆ ಬೈತೀಯ. ಎರಡೂ ಕೇಳೋ ಶಕ್ತಿ ನಂಗಿಲ್ಲ. ಹೋಗು, ಮಹಾರಾಜನ ಹಾಸಿಗೆ ಬೆಚ್ಚಗಿದೆ."

ಟ್ರೇಲರ್ ಮತ್ತೆ ಕೊಂಡಿಗೆ ಬಿತ್ತು. ಪೋವಿಲಾಸ್ ವ್ಯಾನಿಗೆ ಹತ್ತಿ ಮಲಗಿ ಬಾಗಿಲೆಳೆದುಕೊಂಡ. ಎರಡು ಬಡಿತ ಕೇಳಿಸಿತು. ಒಳಗಿನಿಂದ ಅದು ಹೊರಗಿನವನು ತಿಳಿದಷ್ಟು ಸಣ್ಣ ಸದ್ದಲ್ಲ, ಇಡೀ ತಗಡು ಎದೆಯ ಮೇಲೆ ಬಿದ್ದ ಹಾಗೆ. ಒಂದು ಸಲ ಬಡಿದ.

ಗಾಡಿ ಹೆದ್ದಾರಿಗೆ ಸೇರುವವರೆಗೆ ಪರವಾಗಿಲ್ಲ ಎನ್ನಿಸಿತು. ಆಮೇಲೆ ಶುರುವಾಯಿತು. ವ್ಯಾನಿಗೆ ತನ್ನದೇ ಸ್ಪ್ರಿಂಗು, ಅದರ ಕೆಳಗೆ ಟ್ರೇಲರಿಗೆ ಬೇರೆ ಸ್ಪ್ರಿಂಗು. ಅದು ಮೇಲೇಳುವಾಗ ಇದು ಇಳಿಯುತ್ತದೆ, ಇದು ಎಡಕ್ಕೆ ಹೋದರೆ ಅದು ಬಲಕ್ಕೆ ಎಳೆಯುತ್ತದೆ. ಕನ್ನಡಿಯಲ್ಲಿ ತಲೆದೂಗಿನಂತೆ ಕಾಣುತ್ತಿದ್ದದ್ದು ಇಲ್ಲಿ ಬೆನ್ನಿನ ಕೆಳಗೆ ನೆಲವೇ ಜಾರಿಹೋಗುವ ಹಾಗಿತ್ತು. ಕಾಂಕ್ರೀಟಿನ ಪ್ರತಿ ಕೂಡಿಕೆಗೂ ಹಲ್ಲಿಗೆ ಹಲ್ಲು ತಾಗುತ್ತಿತ್ತು. ಲಾರಿಯೊಂದು ದಾಟಿದಾಗ ಗಾಳಿ ಬಂದು ಪಕ್ಕೆಗೆ ಹೆಗಲು ಕೊಟ್ಟು ತಳ್ಳಿತು. ಮುಂದೆ ಬ್ರೇಕು ಹಾಕಿದರೆ ಕೊಂಡಿ ಧಡ್ ಎಂದು ಗುದ್ದಿ, ಅವನು ಹಾಸಿಗೆಯ ಸಮೇತ ಮುಂದಕ್ಕೆ ಜಾರಿದ. ಜಿಗ್ಮಾಸ್ ಮೃದುವಾಗಿ ಬ್ರೇಕು ಹಾಕುವವನು. ತಾನಾದರೋ ಕೊನೆಯ ಗಳಿಗೆಯಲ್ಲಿ ತುಳಿಯುವವನು. ಪಟ್ಟಿಗಳು ಕಿರ್ ಕಿರ್ ಎಂದಾಗಲೆಲ್ಲ, ಇದು ಬಿಗಿಯಾಗಿರುವ ಸದ್ದೋ ಹರಿಯುತ್ತಿರುವ ಸದ್ದೋ ಎಂದು ಕಿವಿ ನಿಮಿರುತ್ತಿತ್ತು. ರಸ್ತೆ ಎಲ್ಲೂ ಕಾಣದು. ಕಾಣುವುದು ನೀಲಿ ತಗಡು, ಮೊಳೆಗೆ ತೂಗುವ ತನ್ನ ಜಾಕೆಟ್. ಜಾಕೆಟ್ ನೇರವಾಗಿ ತೂಗುತ್ತಿದೆಯೇ ಎಂದು ನೋಡುವುದೇ ಕೆಲಸವಾಯಿತು. ಗೋಡೆಯ ಆ ಜಾಗದಲ್ಲಿ ಭಾವನ ಜಾಕೆಟ್ಟಿನ ಗುಂಡಿ ಉಜ್ಜಿ ಬಣ್ಣ ಹೋಗಿರುವುದು ಕಂಡಿತು. ಒಂದೇ ಪ್ರಯಾಣದಲ್ಲಿ ಇಷ್ಟು. ಇದಕ್ಕೆ ಮುಂಚಿನ ವ್ಯಾನುಗಳಲ್ಲೂ ಹೀಗೇ ಒಂದು ಮೊಳೆ, ಒಂದು ಜಾಕೆಟ್, ಅದನ್ನು ನೋಡುತ್ತ ಮಲಗಿದ ಒಬ್ಬ ಮನುಷ್ಯ.

ವಾಕಿಟಾಕಿ ಗರಗರ ಎಂದಿತು.

"ನಿದ್ದೆ ಬಂತಾ?"

ಪೋವಿಲಾಸ್ ಗುಂಡಿಯ ಮೇಲೆ ಬೆರಳಿಟ್ಟ. ಆ ಪ್ರಶ್ನೆಯನ್ನು ತಾನು ಎಷ್ಟು ವರ್ಷ, ಎಷ್ಟು ಸಾವಿರ ಮೈಲಿ ಕೇಳಿದ್ದೆ, ಪ್ರತಿ ಸಲವೂ ಎಂಥ ಸಲೀಸಾದ "ಹ್ಞೂಂ" ಬಂದಿತ್ತು ಎಂಬುದು ನೆನಪಾಯಿತು.

"ಇಲ್ಲ ಭಾವ. ಎಲ್ಲಾದ್ರೂ ನಿಲ್ಲಿಸು."

"ಏನಂದೆ?"

"ನಿಲ್ಲಿಸು ಅಂದೆ."

ಪೋವಿಲಾಸನ ಬಾಯಿಂದ ಆ ಮಾತು ಕೇಳಿ ಜಿಗ್ಮಾಸನಿಗೆ ಅಭ್ಯಾಸವಿರಲಿಲ್ಲ.

ವಾರ್ಸಾ ಇನ್ನೂ ಮುಂದಿರುವಂತೆಯೇ, ಲಾರಿಗಳು ತಂಗುವ ಬಯಲಿನಲ್ಲಿ ಗಾಡಿ ನಿಂತಿತು. ಪೋವಿಲಾಸ್ ಇಳಿದು, ನೆಲ ಗಟ್ಟಿಯಾಗಿದೆಯೇ ಎಂದು ಎರಡು ಹೆಜ್ಜೆ ತುಳಿದು ನೋಡಿ, ಬಂದು ಸ್ಟಿಯರಿಂಗಿನ ಕಡೆಯ ಬಾಗಿಲು ತೆರೆದ. ಜಿಗ್ಮಾಸ್ ಪಕ್ಕದ ಸೀಟಿಗೆ ಸರಿದ. ಹೀಟರ್ ಸಣ್ಣಗೆ ಊದುತ್ತಿತ್ತು. ಡಬ್ಬಿಯಲ್ಲಿ ಉಳಿದಿದ್ದ ಸೌತೆಕಾಯಿಯನ್ನು ಇಬ್ಬರೂ ಹಂಚಿಕೊಂಡರು.

"ಯಾವತ್ತಾದ್ರೂ ನಿದ್ದೆ ಮಾಡಿದ್ಯಾ ಅಲ್ಲಿ?" ಪೋವಿಲಾಸ್ ಕೇಳಿದ.

"ಮೊದಮೊದಲು ಒಂದೆರಡು ಸಲ. ಆಗ ವಯಸ್ಸಿತ್ತು."

"ಮತ್ತೆ ಹ್ಞೂಂ ಅಂತಿದ್ದೆಯಲ್ಲ."

"ಇಲ್ಲ ಅಂದಿದ್ರೆ ನಿಲ್ಲಿಸ್ತಿದ್ಯಾ?"

ಪೋವಿಲಾಸ್ ಪ್ರಾಮಾಣಿಕವಾಗಿ ಯೋಚಿಸಿದ. ಇಲ್ಲ. ನಿಲ್ಲಿಸುತ್ತಿರಲಿಲ್ಲ. ಏನಾದರೊಂದು ತಮಾಷೆ ಮಾಡಿ ಮುಂದಕ್ಕೆ ಹೋಗುತ್ತಿದ್ದ.

"ಹೋಗು ಭಾವ ಬಾಯ್ಲರಿಗೆ" ಎಂದ. "ನಾನೇನೂ ಅನ್ನಲ್ಲ." ಆ ಬೆಳಿಗ್ಗೆ ಖಾಲಿ ಹಾಸಿಗೆಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಬೇಕೆನ್ನಿಸಿತು. ಎದುರಿಗೆ ಮನುಷ್ಯ ಕೂತಿದ್ದ; ಸೌತೆಕಾಯಿಯ ಡಬ್ಬಿಗೆ ಮುಚ್ಚಳ ಹಾಕಿದ.

ಜಿಗ್ಮಾಸ್ ಸೌತೆಕಾಯಿಯ ತೊಟ್ಟನ್ನು ಕಿಟಕಿಯಿಂದ ಎಸೆದ. "ಏಪ್ರಿಲ್‌ನಲ್ಲಿ ಬಾಯ್ಲರ್ ಆರಿಸ್ತಾರೆ. ಅಕ್ಟೋಬರ್‌ವರೆಗೆ ನಂಗೂ ಕೆಲಸ ಇರಲ್ಲ."

ಪೋವಿಲಾಸ್ ತಟ್ಟನೆ ಅವನ ಕಡೆ ತಿರುಗಿದ.

"ಹಲ್ಲು ಕಿರೀಬೇಡ. ಆ ಹಾಸಿಗೆ ಮೇಲೆ ನಾನು ಇನ್ನು ಮಲಗಲ್ಲ. ನಿದ್ದೆ ಬಂದಾಗ ಗಾಡಿ ನಿಲ್ಲಬೇಕು, ಹೀಗೆ, ಬಯಲಲ್ಲಿ. ಸಂತೆ ತಪ್ಪಿದ್ರೆ ಮುಂದಿನ ಭಾನುವಾರ. ನಿನ್ನ ಕೈಲಾಗತ್ತಾ?"

"ಆಗತ್ತೆ."

"ಸುಳ್ಳು ಹೇಳ್ತಿದೀಯ."

"ನೀನೂ ಇಷ್ಟು ವರ್ಷ ಹೇಳಿಲ್ವಾ."

ಜಿಗ್ಮಾಸ್ ಮೂಗಿನಲ್ಲೇ ನಕ್ಕ. ಜಾಕೆಟ್ಟನ್ನು ಗಲ್ಲದವರೆಗೆ ಎಳೆದುಕೊಂಡು, ಸೀಟು ಹಿಂದಕ್ಕೆ ಒರಗಿಸಿ, "ಒಂಚೂರು" ಎಂದು ಕಣ್ಣು ಮುಚ್ಚಿದ. ಮಾತಿನ ಕೊನೆ ಇನ್ನೂ ತುಟಿಯ ಮೇಲಿರುವಾಗಲೇ ಗೊರಕೆ ಶುರುವಾಯಿತು. ನಿಧಾನವಾದ, ಆಳದ ಗೊರಕೆ. ಇಷ್ಟು ವರ್ಷ ಜೊತೆಗೆ ತಿರುಗಿಯೂ ಭಾವನ ಗೊರಕೆಯನ್ನು ಪೋವಿಲಾಸ್ ಕೇಳಿದ್ದು ಇದೇ ಮೊದಲು.

ಹೊರಗೆ ಮಸುಕು ಬಿಸಿಲು. ಲಾರಿಗಳು ಒಂದೊಂದಾಗಿ ಹೊರಟು ಹೆದ್ದಾರಿಗೆ ಸೇರುತ್ತಿದ್ದವು. ಕಾರು ಹೊತ್ತ ಟ್ರೇಲರೊಂದು, ಮಾರಿಯಾಂಪೊಲೆಯದೇ ಇರಬೇಕು, ಹಾರನ್ ಹೊಡೆದು ಮುಂದೆ ಹೋಯಿತು. ಈಗ ಹೊರಟರೆ ರಾತ್ರಿಯೊಳಗೆ ಊರು, ಬೆಳಿಗ್ಗೆ ಸಂತೆಯ ಮೊದಲ ಸಾಲಿನಲ್ಲಿ ಜಾಗ. ಪೋವಿಲಾಸನ ಬೆರಳುಗಳು ಕೀಲಿಯ ಮೇಲೆ ಹೋಗಿ ಕೂತವು. ಬಲಗಾಲು ತಾನಾಗಿ ಅಲ್ಲಾಡತೊಡಗಿತು. ಇಂಜಿನ್ ಹೊರಡಿಸಿದರೆ ಸೀಟು ನಡುಗುತ್ತದೆ, ಸೀಟು ನಡುಗಿದರೆ ಇವನು ಏಳುತ್ತಾನೆ.

ಅವನು ಎಡಗೈಯಿಂದ ತನ್ನ ಮೊಣಕಾಲನ್ನು ಅದುಮಿ ಹಿಡಿದು, ಕೀಲಿಯನ್ನು ತಿರುಗಿಸದೆ, ಕೂತ.